ಸ್ಥಳೀಯರು ನೋಡಿಕೊಳ್ಳುತ್ತಾರಂತೆ

ಕಾಲೇಜಿನವರು ಅವಳನ್ನು ದಾರಿ ಅಕ್ಕ ಎನ್ನುತ್ತಿದ್ದರು. ಜನರಿಗೆ ಒಳ್ಳೆಯದಾಗುವ ಉದ್ಯಮ ಕಟ್ಟುವುದು ಹೇಗೆಂದು ಕಲಿಯುವ ವಿದ್ಯಾರ್ಥಿಗಳು ವರ್ಷವರ್ಷವೂ ಬರುತ್ತಿದ್ದರು. ಅವರನ್ನು ತನ್ನ ಓಣಿಗಳಲ್ಲಿ ಸುತ್ತಾಡಿಸಿ ಮನೆಮನೆಯ ಬಾಗಿಲು ತೆರೆಸುವುದು ಅವಳ ಕೆಲಸ. ಗಂಡ ಹೋದ ಮೇಲೆ ಒಲೆ ಉರಿಯುತ್ತಿದ್ದುದು ಆ ಸಂಬಳದಿಂದಲೇ.

ಹಿಂದೊಂದು ತಂಡ ನೀರು ಶುದ್ಧ ಮಾಡುವ ಯಂತ್ರ ಕೂರಿಸಿ ಹೋಯಿತು. ಅದರ ಮೇಲೀಗ ಕಾಗೆ ಕೂರುತ್ತದೆ. ಹೋಗಲಿ ಬಿಡಿ, ಅದಕ್ಕೆ ಅಕ್ಕ ನಕ್ಕು ಸುಮ್ಮನಾಗಿದ್ದಳು. ಆದರೆ ಈ ಸಲದವರು ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ ತೆರೆದರು. ಚೆನ್ನಾಗಿಯೇ ನಡೆಸಿದರು, ಸುಳ್ಳು ಹೇಳಬಾರದು. ಅದನ್ನೇ ನಂಬಿ ಏಳು ತಾಯಂದಿರು ಗಾರ್ಮೆಂಟ್ಸ್ ಸೇರಿದರು. ಅವರಲ್ಲೊಬ್ಬಳು ಅಕ್ಕನ ಸೊಸೆ. ಎರಡು ದಿನ ತಪ್ಪಿಸಿದರೆ 'ನಾಳೆಯಿಂದ ಬರಬೇಡ' ಎನ್ನುವ ಕೆಲಸ ಅದು.

ತಂಡದವರು ತಮ್ಮ ಕೆಲಸ ತೋರಿಸಿ ಅಂಕ ಪಡೆಯುವ ಪರೀಕ್ಷೆಯ ದಿನ ಅಕ್ಕ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ತಂಡದ ಮುಂದಾಳು ಹುಡುಗಿ ಪರದೆಯ ಮೇಲೆ ಮಕ್ಕಳ ಫೋಟೋ ತೋರಿಸುತ್ತ ಹೇಳಿದಳು: "ನಾಳೆ ನಾವು ಕೇಂದ್ರ ಬಿಟ್ಟು ಬರ್ತೀವಿ. ಮುಂದೆ ಸ್ಥಳೀಯರು ನೋಡ್ಕೋತಾರೆ."

ಚಪ್ಪಾಳೆಯೋ ಚಪ್ಪಾಳೆ! ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು. ಯಾರಪ್ಪಾ ಈ ಸ್ಥಳೀಯರು ಎಂದು ಅಕ್ಕ ಅತ್ತಿತ್ತ ನೋಡಿದಳು. ಆ ಕೋಣೆಯಲ್ಲಿ ಓಣಿಯವಳೆಂದರೆ ತಾನೊಬ್ಬಳೇ. ಮೈಯೆಲ್ಲ ಉರಿದುಹೋಯಿತು. ಒಂದು ಮಾತು ಕೇಳಿದರಾ? ಒಂದೇ ಒಂದು ಮಾತು?

ಹೊರಗೆ ಮೇಷ್ಟ್ರನ್ನು ಅಡ್ಡಗಟ್ಟಿದಳು. "ಸರ್, ನಾನು ಮಕ್ಕಳ ಹತ್ರ ಕೂತ್ರೆ ನನಗೆ ಸಂಬಳ ಯಾರು ಕೊಡ್ತಾರೆ?"

"ಬಿಟ್ಟು ಬರೋದನ್ನೂ ಅವರು ಕಲೀಬೇಕಲ್ಲ ಅಕ್ಕ. ನೀವೇ ಏನಾದ್ರೂ ಮಾಡಿ. ನಾಳೆ ಹೊಸ ತಂಡ ಬರುತ್ತೆ, ಬೇಗ ಬಂದ್ಬಿಡಿ."

ಬೇಗನೇ ಬಂದಳು. ಏಳೂ ಮಕ್ಕಳನ್ನು ಆಟೋದಲ್ಲಿ ತುಂಬಿಕೊಂಡು ಬಂದಳು. ತರಗತಿಯಲ್ಲಿ ಆ ಮುಂದಾಳು ಹುಡುಗಿ ಹೊಸಬರಿಗೆ ತನ್ನ ಅನುಭವ ಹೇಳುತ್ತಿದ್ದಳು. ಅಕ್ಕ ಒಂದು ಕೂಸನ್ನು ಮೇಷ್ಟ್ರ ಕುರ್ಚಿಯಲ್ಲೇ ಕೂರಿಸಿ, ಉಳಿದವನ್ನು ನೆಲಕ್ಕೆ ಬಿಟ್ಟಳು.

"ಏನಕ್ಕ ಇದು? ಕ್ಲಾಸ್ ನಡೀತಿದೆ!"

"ನಡೀಲಿ ಸರ್. ಇವರ ಅಮ್ಮಂದಿರ ಶಿಫ್ಟೂ ನಡೀತಿದೆ. ನನ್ನ ಕೆಲಸ ಕಿತ್ಕೊಳ್ತೀರಾ? ಕಿತ್ಕೊಳ್ಳಿ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸಾಕಾಗಿದೆ ನಂಗೆ."

ಅಕ್ಕನ ಮೊಮ್ಮಗಳು ಮಾತ್ರ ಮುಂದಾಳು ಹುಡುಗಿಯ ಗುರುತು ಹಿಡಿದು, ಪುಟುಪುಟು ಹೆಜ್ಜೆಯಿಟ್ಟು ಹೋಗಿ, ಎತ್ತಿಕೋ ಎಂದು ಎರಡೂ ಕೈ ಚಾಚಿದಳು. ಹುಡುಗಿ ಎತ್ತಿಕೊಂಡಳು. ಎತ್ತಿಕೊಂಡವಳೇ ಬಿಕ್ಕಿಬಿಕ್ಕಿ ಅಳತೊಡಗಿದಳು.

ಅಕ್ಕ ಹೆಗಲಿನಲ್ಲಿದ್ದ ಮಕ್ಕಳ ಬಟ್ಟೆಯ ಚೀಲವನ್ನು ಅವಳ ಕಾಲ ಬಳಿ ಎಸೆದಳು.

"ಅಳೋದು ಆಮೇಲಿರ್ಲಿ. ಮೊದಲು ಅವಳ ಚಡ್ಡಿ ಬದಲಾಯಿಸು, ಒದ್ದೆಯಾಗಿದೆ."