ಮೊಣಕಾಲಿಗೆ ಕೇಳಿಸಿದ ಗಿಟಾರು

ನನ್ನ ಗಂಡನಿಗೆ ಹರಪನಹಳ್ಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಮದುವೆ ಸೀಸನ್ನಿನಲ್ಲಿ ಮಾತ್ರ ಅವರು ಆರ್ಕೆಸ್ಟ್ರಾದ ಗಿಟಾರಿಸ್ಟ್. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ಸುತ್ತುತ್ತಿದ್ದರು. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಪ್ರಾಕ್ಟೀಸು. ಆಗ ಟ್ರೆಮೊಲೊ ಪೆಡಲಿನ ಮುಂದೆ ಕೂರುವ ಕೆಲಸ ನನ್ನದು.

ಹಳೇ ಕಾಲದ ನಮೂನೆಯ ಕಬ್ಬಿಣದ ಡಬ್ಬಿ ಅದು. ಗಿಟಾರಿನ ದನಿಯನ್ನು ಏರಿಸಿ ಇಳಿಸಿ ನಡುಗಿಸುತ್ತದೆ. ಕಾಲಿನಿಂದ ಒತ್ತಿ ಶುರು ಮಾಡಬಹುದು, ನಿಲ್ಲಿಸಬಹುದು. ಸ್ಪೀಡ್, ಡೆಪ್ತ್ ಎಂಬ ಎರಡು ನಾಬ್ ತಿರುಗಿಸಲು ಮಾತ್ರ ಕೈಯೇ ಬೇಕು, ಅವರ ಎರಡೂ ಕೈ ತಂತಿಯ ಮೇಲೆ. ಸ್ಪೀಡ್ ಎಂದರೆ ದನಿ ಎಷ್ಟು ಬೇಗ ನಡುಗಬೇಕು, ಡೆಪ್ತ್ ಎಂದರೆ ಪ್ರತಿ ಸಲ ಎಷ್ಟು ಕೆಳಗಿಳಿಯಬೇಕು. ಇಷ್ಟು ಕಲಿಯಲು ನನಗೆ ವಾರ ಹಿಡಿಯಿತು. ಒಮ್ಮೆ ಆಸೆಗೆ ಡೆಪ್ತನ್ನು ಪೂರ್ತಿ ತಿರುಗಿಸಿದೆ. ಫ್ಯಾನಿಗೆ ಬಾಯಿಟ್ಟು ಮಾತಾಡಿದಂತೆ ದನಿ ಚೂರುಚೂರಾಯಿತು. ಅವರು ನುಡಿಸುವುದನ್ನೇ ನಿಲ್ಲಿಸಿದರು.

"ಅರ್ಧಕ್ಕಿಂತ ಮ್ಯಾಲೆ ಒಯ್ಯಬ್ಯಾಡ," ಎಂದರು. "ಪೆಡಲ್ ಐತಿ ಅಂತ ಕೇಳೋರಿಗೆ ಗೊತ್ತಾಗಬಾರ್ದು."

ಅರ್ಧದಲ್ಲಿ ಡೆಪ್ತ್, ಸ್ಪೀಡ್ ಹಾಡಿನ ತಾಳಕ್ಕೆ ತಕ್ಕಷ್ಟು. ಆಗ ದನಿ ಇತ್ತೋ ಇಲ್ಲವೋ ಎನ್ನುವಷ್ಟು ಅಲುಗುತ್ತಿತ್ತು. ಒಲೆಯ ಮೇಲೆ ಹಾಲು ಇಟ್ಟಿದ್ದೇನೆಂಬುದೂ ನನಗೆ ಮರೆಯುತ್ತಿತ್ತು.

ವರ್ಷಗಟ್ಟಲೆ ಸ್ಪೀಕರಿನ ಪಕ್ಕ ನಿಂತದ್ದಕ್ಕೋ ಏನೋ, ಅವರ ಕಿವಿ ಮಂದವಾಗುತ್ತ ಬಂತು. ದಾವಣಗೆರೆಯ ಡಾಕ್ಟರು ನರ ಸೋತಿದೆ ಎಂದು ಕಿವಿಗೆ ಮಷಿನ್ ಬರೆದುಕೊಟ್ಟರು. ಅದನ್ನು ಹಾಕಿಕೊಂಡರೆ ಹತ್ತಿರ ನಿಂತು ಹೇಳಿದ ಮಾತು ಕೇಳುತ್ತಿತ್ತು. ಗಿಟಾರು ಮಾತ್ರ ತಗಡು ಕೆರೆದಂತೆ ಕೇಳುತ್ತದೆ ಎಂದು ಅದನ್ನು ಬೀರುವಿನ ಮೇಲೆ ಎತ್ತಿಟ್ಟರು. ಆರ್ಕೆಸ್ಟ್ರಾದವರು ಎರಡು ಸಲ ಬಂದು ಕರೆದರು, ಆಮೇಲೆ ಬರಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ.

ಹೋದ ವರ್ಷ ಒಂದು ಭಾನುವಾರ ಅವರೇ ಗಿಟಾರನ್ನು ಕೆಳಗಿಳಿಸಿದರು. ಕಿವಿಯ ಮಷಿನ್ ತೆಗೆದಿಟ್ಟು, ಸದ್ದಿಗೆ ಅದುರುವ ಆಂಪ್ಲಿಫೈಯರ್ ಪೆಟ್ಟಿಗೆಗೆ ಮೊಣಕಾಲು ಒತ್ತಿ ಕೂತು, ನನಗೆ ಪೆಡಲ್ ತೋರಿಸಿದರು. ನಾನು ಎಂದಿನಂತೆ ಡೆಪ್ತನ್ನು ಅರ್ಧಕ್ಕೆ ಇಟ್ಟೆ. ಅವರು ತಲೆ ಅಲ್ಲಾಡಿಸಿದರು. ಇನ್ನಷ್ಟು ಏರಿಸಿದೆ, ಸ್ಪೀಡ್ ಇಳಿಸಿದೆ. ಡೆಪ್ತಿನ ನಾಬ್ ಮುಂದೆ ತಿರುಗದಂತೆ ನಿಂತಾಗ ಅವರ ಮುಖ ಬದಲಾಯಿತು.

"ಈಗ ಬಂತು," ಎಂದರು. "ಕಾಲಾಗ ಬರಾಕತ್ತೈತಿ."

ಹಳೆಯ ಹಾಡೊಂದನ್ನು ಪೂರ್ತಿ ನುಡಿಸಿದರು. ಬೆರಳು ಎಲ್ಲಿಯೂ ತಪ್ಪಲಿಲ್ಲ. ನನಗೆ ಕೇಳಿದ್ದು ತುಂಡು ತುಂಡಾದ ದನಿ. ಮುಗಿದ ಮೇಲೆ ಹೇಗಿತ್ತೆಂದು ಕೇಳಿದರು. ಚೆನ್ನಾಗಿತ್ತೆಂದು ಕೈಸನ್ನೆ ಮಾಡಿದೆ.

"ಸುಳ್ಳು ಹೇಳ್ತಿ," ಎಂದು ನಕ್ಕರು. "ನಾಬ್ ಎಲ್ಲೈತಿ ಅಂತ ನಂಗ ಕಾಣ್ತೈತಲ್ಲ."

ಈಗ ಪ್ರತಿ ಭಾನುವಾರ ಹಾಗೆಯೇ ನುಡಿಸುತ್ತಾರೆ. ನಾನು ಪಕ್ಕದಲ್ಲಿ ಕೂರುತ್ತೇನೆ. ಅವರ ಮುಖ ನೋಡುತ್ತ ಕೂತರೆ ಅಷ್ಟು ಕೆಟ್ಟದಾಗಿ ಕೇಳುವುದಿಲ್ಲ.

ಮೊನ್ನೆ ಅವರು ಅಂಗಡಿಗೆ ಹೋದ ಮೇಲೆ ಡೆಪ್ತನ್ನು ಹಿಂದಕ್ಕೆ, ಅರ್ಧಕ್ಕೆ ತಿರುಗಿಸಿ ಹೆಬ್ಬೆರಳಿನಿಂದ ಒಂದು ತಂತಿ ಮೀಟಿದೆ. ದನಿಯ ಆ ಹಳೆಯ ಅಲುಗಾಟ ಹಾಗೇ ಇತ್ತು. ಒಂದೇ ಸ್ವರ; ಮುಂದಿನದು ಯಾವ ತಂತಿಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ಸ್ವರ ಆರುವವರೆಗೆ ಕೂತಿದ್ದು, ಅದೇ ತಂತಿಯನ್ನು ಮತ್ತೆ ಮೀಟಿದೆ.