ಶೇಂಗಾ ಚಟ್ನಿಗೆ ರಾಕೆಟ್ ಅಕ್ಷರ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮೂರು ಮೆಟ್ರಿಯಲ್ಲಿ ಅವ್ವ ಅಂಗೈಗೆ ಬೊಬ್ಬೆ ಬರುವಂತೆ ಒರಳಿನಲ್ಲಿ ಕುಟ್ಟುವ ಶೇಂಗಾ ಚಟ್ನಿಗೆ ಲೇಬಲ್ ಮಾಡಿಸಲು, ಇವತ್ತು ಅವಳನ್ನೂ ಕರೆದುಕೊಂಡು ಹೊಸಪೇಟೆಗೆ ಹೋಗಿದ್ದೆ. ಡಿಸೈನರ್ ತೋರಿಸಿದ್ದು ರಾಕೆಟ್ಟಿನ ಮೇಲೆ ಬರೆಯುವಂಥ ಅಕ್ಷರ. ಮೂಲೆಯೆಲ್ಲ ಚೂಪು, ಮೈಯೆಲ್ಲ ನೀಲಿ ಮಿಂಚು.

"ಫ್ಯೂಚರ್ ಲುಕ್ ರೀ. ಹಂಪಿಗೆ ಬರೋ ಫಾರಿನ್ನರು ಭಾಳ ಇಷ್ಟಪಡ್ತಾರ."

"ಕೈಲೆ ಕುಟ್ಟಿದ್ದು ಅಂತ ಹೆಂಗ ಗೊತ್ತಾಗಬೇಕ್ರಿ?" ಎಂದೆ.

"ಕೆಳಗ ಸಣ್ಣಗ ಹೋಮ್‌ಮೇಡ್ ಅಂತ ಹಾಕೋಣ್ರಿ."

ಅವ್ವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ತಮ್ಮಾ, ಇದು ಬತ್ತದ ಹುಳಕ್ಕ ಹೊಡಿಯೋ ಔಷಧಿ ಡಬ್ಬಿ ಇದ್ದಂಗ ಐತಿ."

ಅವನ ಮುಖ ಅರಳಿತು. "ಹೌದವ್ವಾ! ಅದನ್ನೂ ನಾನ ಮಾಡಿದ್ದು. ಮಸ್ತ್ ಓಡ್ತು."

ಎದ್ದು ಬಂದೆವು. ಈಗ ಅವ್ವ ಪೆನ್ನು ಹಿಡಿದು ಡಬ್ಬಿಗೊಂದು ಚೀಟಿ ಬರೆಯುತ್ತ ಕೂತಿದ್ದಾಳೆ: "ಶೇಂಗಾ ಚಟ್ನಿ. ತಿನ್ನಬಹುದು."