ಸುಗ್ಗಿ ಹಬ್ಬದ ರಸಬಾಳೆ ಗೊನೆ

ಈಗಲೂ ನೆನೆದರೆ ನಗು ತಡೆಯುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಪೂರ್ತಿ ಓದಿ!

ನಂಜನಗೂಡಿನ ಅಂಚಿನಲ್ಲಿ ನಮ್ಮ ಮನೆ. ಹಿತ್ತಲಲ್ಲಿ ರಸಬಾಳೆ ಕಂದು ನೆಟ್ಟಾಗಲೆಲ್ಲ ರೋಗ ಬಿದ್ದು ಸಾಯುತ್ತಿತ್ತು. ಈ ಸಲ ಐದರಲ್ಲಿ ಒಂದು ಉಳಿಯಿತು. ಉಳಿಸಿದವಳು ನನ್ನ ಒಂಬತ್ತು ವರ್ಷದ ಮೊಮ್ಮಗಳು. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ನೀರು ಹೊರುತ್ತಿದ್ದಳು. ನಮ್ಮೂರ ಹೆಸರು ಹೊತ್ತ ಹಣ್ಣನ್ನು ಅವಳು ಒಮ್ಮೆಯೂ ತಿಂದಿರಲಿಲ್ಲ. ಗೊನೆ ಬಿಟ್ಟ ದಿನ ಕುಣಿದದ್ದೇ ಕುಣಿದದ್ದು!

ನಾನೋ, ಮೊದಲ ಗೊನೆ ದೇವರಿಗೆ ಎಂದು ನೆಡುವಾಗಲೇ ಮಾತು ಕೊಟ್ಟಿದ್ದೆ. ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ಮೊದಲ ಬೆಳೆಯನ್ನು ತಂದು ಅರ್ಪಿಸುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದರ ಹರಾಜು. ಇದನ್ನು ಹೇಳಿದಾಗ ಮಗುವಿನ ಮುಖ ಸಣ್ಣದಾಯಿತು. ಆದರೂ "ಊಂ, ಕೊಡನ" ಎಂದಳು. ನಾನೂ ನನ್ನ ಯಜಮಾನರೂ ಮುಖ ಮುಖ ನೋಡಿಕೊಂಡೆವು.

ಹಬ್ಬಕ್ಕೆಂದು ಟಿ. ನರಸೀಪುರದಿಂದ ಕಾರಿನಲ್ಲಿ ಬಂದಿದ್ದ ನನ್ನ ತಮ್ಮ, "ಕೊಡಕ್ಕಾ, ಒಂದ್ಕೆ ನೂರು ಬತ್ತದೆ. ದೇವ್ರು ಆಸೀರ್ವಾದ ಮಾಡವ್ನೆ ಅಂದ್ರೆ ಮನೆ ಮುಂದೆ ಕಾಣ್ಬೇಕು" ಎಂದ.

"ನಿನ್ ಕಾರ್ ಕಂಡಂಗಾ?" ಎಂದೆ.

"ಇನ್ನೇನ್ ಮತ್ತೆ!"

ನನಗೆ ನೂರು ಗೊನೆ ಬೇಡವಾಗಿತ್ತು. ಮಗು ಒಂದೇ ಒಂದು ಹಣ್ಣು ತಿಂದರೆ ಸಾಕಿತ್ತು.

ಅದಕ್ಕೇ ಹರಾಜಿನಲ್ಲಿ ನಾನೇ ಕೂಗಿ ಬಿಡಿಸಿಕೊಳ್ಳೋಣ ಎಂದು ಗುಟ್ಟಾಗಿ ತೀರ್ಮಾನಿಸಿದೆ. ಹಬ್ಬದ ದಿನ ಹಣ್ಣಾದ ಗೊನೆ ಹರಾಜಿಗೆ ಬಂತು. ಅಂಗಳದಲ್ಲಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ. ನಾನು ಕೈ ಎತ್ತಿದೆ. ಸಭೆಯ ಹಿರಿಯರು "ಮುನ್ನೂರು!" ಎಂದರು. ಗಂಡಸರ ಕಡೆಯಿಂದ ಯಾರದೋ ಕೈ ಎದ್ದು ಮುನ್ನೂರೈವತ್ತಾಯಿತು. ಜನರ ತಲೆಗಳ ನಡುವೆ ಯಾರೆಂದು ಕಾಣಲಿಲ್ಲ. ಹಟ ಹುಟ್ಟಿತು. ನಾನು ಏರಿಸಿದೆ, ಆ ಪುಣ್ಯಾತ್ಮನೂ ಏರಿಸಿದ. ಹಿರಿಯರು ಮೀಸೆಯಡಿ ನಗುತ್ತಾ ಕೂಗುತ್ತಲೇ ಇದ್ದರು. ಏಳುನೂರು ದಾಟಿದಾಗ ಮೊಮ್ಮಗಳು ಬೆಂಚು ಹತ್ತಿ ಕಿರುಚಿದಳು:

"ಅಜ್ಜೀ, ನಿಲ್ಸು! ಅದು ತಾತ!"

ಅಂಗಳವೆಲ್ಲ ಗೊಳ್ಳೆಂದಿತು. ನನ್ನ ಯಜಮಾನರು ಎದ್ದು ನಿಂತು, "ನೀನೇನಮ್ಮೀ? ಯಾವಳೋ ಗಟ್ಟಿಗಿತ್ತಿ ಅಂದ್ಕಂಡಿದ್ನಲ್ಲ!" ಎಂದರು. ಅವರೂ ಮಗುವಿಗೆಂದೇ ಕೂಗುತ್ತಿದ್ದರು, ನನಗೆ ಹೇಳದೆ!

ಗೊನೆ ನಮ್ಮದಾಯಿತು. ಮನೆಗೆ ಎತ್ತಲು ಹೋದರೆ ಮಗು ಬಿಡಲಿಲ್ಲ.

"ದೇವ್ರಿಗೆ ಕೊಟ್ಟಿದ್ದಲ್ವಾ ಅಜ್ಜೀ? ಇಲ್ಲೇ ಎಲ್ರೂ ತಿನ್ನನ."

ಒಂದೊಂದೇ ಕಿತ್ತು ಹಂಚುತ್ತಾ ನಡೆದಳು. ಗುರುತಿಲ್ಲದವರಿಗೂ ಕೊಟ್ಟಳು. ನನ್ನ ತಮ್ಮ ಎರಡನೇದಕ್ಕೆ ಕೈ ಚಾಚಿದಾಗ, "ಒಬ್ರಿಗೊಂದೇ, ಕಾರ್ ತಾತಾ!" ಎಂದು ಗದರಿದಳು. ಅವನು ಕೈ ಹಿಂದಕ್ಕೆಳೆದು ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಮಾತ್ರ ಉಳಿದ ಹಣ್ಣು ಎಣಿಸುತ್ತಿದ್ದೆ. ಚಿಪ್ಪುಗಳು ಬರಿದಾಗುತ್ತಿವೆ, ಇವಳಿಗೆ ಉಳಿಯುತ್ತದೋ ಇಲ್ಲವೋ?

ಒಂದು ಉಳಿಯಿತು! ಸುಲಿದು ಕಚ್ಚಿ ಕಣ್ಣು ಮುಚ್ಚಿದಳು.

"ಅಜ್ಜೀ, ಇದ್ಕೆ ಜೇನ್ ಆಕವ್ರಾ?"

ಯೇಸುಸ್ವಾಮಿ ಪರಲೋಕದ ಸಿರಿ ಎಂದದ್ದು ಇದನ್ನೇ ಇರಬೇಕು. ಅಂಗಳದ ತುಂಬ ಜನ ಬಾಯಿ ತುಂಬ ಹಣ್ಣಿಟ್ಟುಕೊಂಡು ನಗುತ್ತಿದ್ದರು. ನಾನು ಮಂಡಿ ನೋವು ಮರೆತು ಅಲ್ಲೇ ಎರಡು ಸುತ್ತು ಕುಣಿದುಬಿಟ್ಟೆ.